ಪ್ರಬಂಧ ಮುಗಿದ ಮೇಲೆ ಉಳಿಯುವುದೇನು?

ಭಾನುವಾರದ ಬಲಿಪೂಜೆಯ ತರುವಾಯ ತಾಯಿಯೊಬ್ಬರು ಕೇಳಿದರು: “ಫಾದರ್, ಮಗಳು ಆರು ವರ್ಷ ಪಿಎಚ್.ಡಿ. ಮಾಡಿದಳು. ಕಾಲೇಜಿನಲ್ಲಿ ಹುದ್ದೆ ಸಿಗಲಿಲ್ಲ. ಆ ವರ್ಷಗಳೆಲ್ಲ ವ್ಯರ್ಥವೇ?” ಮಗಳು ತಲೆತಗ್ಗಿಸಿ ನಿಂತಿದ್ದಳು. ಆಕೆಯ ಅರ್ಜಿಯನ್ನು ತರಿಸಿ ನೋಡಿದೆನು. ಪ್ರಬಂಧದ ಶೀರ್ಷಿಕೆ, ವಿಶ್ವವಿದ್ಯಾನಿಲಯ, ವರ್ಷ, ಇಷ್ಟೇ!

ಉತ್ತರವನ್ನು ದೂರ ಅರಸಬೇಕಿಲ್ಲ. ದೂಧಗಂಗಾ ವೇದಗಂಗೆಗಳು ಕೂಡುವ ಭೋಜದ ಸೀಮೆಯಲ್ಲಿಯೇ ಸದಲಗಾ ಇದೆ. ಅಲ್ಲಿ 1906ರಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಕೃತ ಬೋಧಿಸಿದವರು. ಕ್ರಿ.ಶ. 779ರ ‘ಕುವಲಯಮಾಲಾ’ವನ್ನು ಅವರು ಸಂಪಾದಿಸಿದಾಗ ಆಧಾರವಾಗಿದ್ದವು ಎರಡೇ ಹಸ್ತಪ್ರತಿಗಳು: ಜೈಸಲ್ಮೇರದ ತಾಳೆಗರಿಯದೊಂದು, ಪುಣೆಯ ಕಾಗದದ್ದೊಂದು. ಮೂಲಪಾಠ 1959ರಲ್ಲಿ ಪ್ರಕಟವಾಯಿತು, ಪೀಠಿಕೆಯ ಸಂಪುಟ 1970ರಲ್ಲಿ.

ಈ ಕಾರ್ಯದೊಳಗೆ ಏನೇನು ಅಡಗಿದೆಯೆಂದು ಯೋಚಿಸಿರಿ. ಎರಡು ಸಾಕ್ಷಿಗಳು ಬೇರೆಬೇರೆ ನುಡಿದಾಗ ಯಾವುದನ್ನು ನಂಬಬೇಕು? ಲಿಪಿಕಾರನ ಕೈತಪ್ಪು ಯಾವುದು, ಕವಿಯ ಮಾತು ಯಾವುದು? ಕೈಬಿಟ್ಟ ಪಾಠವನ್ನೂ ಅಡಿಯಲ್ಲಿ ದಾಖಲಿಸುವ ಪ್ರಾಮಾಣಿಕತೆ ಬೇರೆ. ಲೆಕ್ಕಪರಿಶೋಧಕನೂ ಪತ್ರಿಕೆಯ ಸಂಪಾದಕನೂ ದಿನವಿಡೀ ಮಾಡುವುದು ಇದನ್ನೇ ಅಲ್ಲವೆ? ಅದೇ ಉಪಾಧ್ಯೆಯವರು ಮೂರ್ತಿದೇವಿ ಗ್ರಂಥಮಾಲೆಯ ಪ್ರಧಾನ ಸಂಪಾದಕರಲ್ಲೊಬ್ಬರಾಗಿ ಇತರ ವಿದ್ವಾಂಸರ ಕೆಲಸವನ್ನೂ ನಡೆಸಿದರು.

ಸಂತ ಥಾಮಸ್ ಅಕ್ವಿನಾಸರು ಜ್ಞಾನವನ್ನು ಬುದ್ಧಿಯಲ್ಲಿ ನೆಲೆಗೊಂಡ ಶೀಲವೆಂದು ಬಗೆದರು. ಸೆಮಿನರಿಯಲ್ಲಿ ಇದನ್ನು ಪರೀಕ್ಷೆಗಾಗಿ ಉರುಹೊಡೆದ ನನಗೆ ಅರ್ಥವಾದದ್ದು ಬಹು ತಡವಾಗಿ. ವಿಷಯ ಬದಲಾದರೂ ಪಳಗಿದ ಬುದ್ಧಿ ಪಳಗಿಯೇ ಇರುತ್ತದೆ. ಸಂತ ಎಡಿತ್ ಸ್ಟೈನ್ 1916ರಲ್ಲಿ ಡಾಕ್ಟರೇಟ್ ಪಡೆದರೂ ಸ್ತ್ರೀಯೆಂಬ ಕಾರಣಕ್ಕೆ ಪ್ರಾಧ್ಯಾಪಕ ಪದವಿಯ ದಾರಿ ಮುಚ್ಚಿತ್ತು. 1923ರಿಂದ ಎಂಟು ವರ್ಷ ಅವರು ಸ್ಪೈಯರ್ ನಗರದ ಡೊಮಿನಿಕನ್ ಭಗಿನಿಯರ ಶಾಲೆಯಲ್ಲಿ ಪಾಠ ಹೇಳಿದರು.

ಪದವಿಯನ್ನು ಕಂಡೊಡನೆ “ಇವಳು ಇಲ್ಲಿ ನಿಲ್ಲಲಾರಳು” ಎಂದು ಶಂಕಿಸುವ ಮಾಲೀಕರೂ ಉಂಟು, ನಿಜ. ಆದುದರಿಂದಲೇ ಶೀರ್ಷಿಕೆಯನ್ನು ಕೆಳಗಿಳಿಸಿ, ಮಾಡಿದ ಕೆಲಸವನ್ನು ಮೇಲೆ ಬರೆಯಬೇಕು. ಆ ಹುಡುಗಿ ತಂಬಾಕು ಕಾರ್ಮಿಕ ಸ್ತ್ರೀಯರ ಆರೋಗ್ಯವನ್ನು ಕುರಿತು ಸಂಶೋಧನೆ ಮಾಡಿದವಳು. ನೂರಾರು ಮನೆಗಳಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಮಾತನಾಡಿಸಿ, ಸಂಕೋಚದ ಉತ್ತರಗಳನ್ನು ಒರೆಗೆ ಹಚ್ಚಿ, ಅಂಕಿಗಳನ್ನು ಕೋಷ್ಟಕಕ್ಕೆ ಇಳಿಸಿದ್ದಳು. ಇವುಗಳಲ್ಲಿ ಒಂದೂ ಅರ್ಜಿಯಲ್ಲಿರಲಿಲ್ಲ. “ಇದೂ ಒಂದು ಅರ್ಹತೆಯೇ, ಫಾದರ್?” ಎಂದಳು. ಪೆನ್ನನ್ನು ಆಕೆಯ ಕೈಗೆ ಕೊಟ್ಟೆನು. ತಾಯಿ ಚಹಾ ಮುಗಿಸುವಷ್ಟರಲ್ಲಿ ಒಂದು ಪುಟ ತುಂಬಿತ್ತು.