ಉತ್ಪಾದನೆಯ ಎಣಿಕೆಯಲ್ಲಿ ಡಿಜಿಟಲ್ ಕೌಂಟರ್‌ಗಳು: ನೇಕಾರರು, ಮಗ್ಗದ ಮಾಲೀಕರು ಮತ್ತು ಕಾರ್ಖಾನೆಗಳ ಗಮನಕ್ಕೆ

ಪೀಠಿಕೆ

ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳು ಕಬ್ಬಿನ ಬೆಳೆಗೆ ಹೆಸರಾಗಿರುವಂತೆಯೇ ಈ ಭಾಗವು ನೇಕಾರಿಕೆಗೂ ಹೆಸರಾಗಿದೆ. ರಬಕವಿ, ಬನಹಟ್ಟಿ, ರಾಂಪುರ, ತೇರದಾಳ ಮತ್ತು ಮಹಾಲಿಂಗಪುರಗಳಲ್ಲಿ ವಿದ್ಯುತ್ ಮಗ್ಗಗಳು ಅನೇಕ ಕುಟುಂಬಗಳ ಜೀವನಾಧಾರವಾಗಿವೆ. ಸಕ್ಕರೆ ಮತ್ತು ಸಿಮೆಂಟ್ ಕಾರ್ಖಾನೆಗಳೂ ಈ ಭಾಗದಲ್ಲಿ ಸ್ಥಾಪನೆಗೊಂಡಿವೆ. ಇಂತಹ ಉದ್ದಿಮೆಗಳಲ್ಲಿ ಕೂಲಿ, ಬೆಲೆ ಮತ್ತು ದಾಸ್ತಾನನ್ನು ನಿರ್ಧರಿಸಲು ಡಿಜಿಟಲ್ ಕೌಂಟರ್‌ಗಳನ್ನು ಬಳಸಲಾಗುತ್ತದೆ. ಕೌಂಟರಿನ ಅಂಕಿಯು ಹೇಗೆ ಮೂಡುತ್ತದೆ ಮತ್ತು ಅದು ಯಾವ ಸಂದರ್ಭದಲ್ಲಿ ನಂಬಲರ್ಹವಾಗಿರುತ್ತದೆ ಎಂಬುದನ್ನು ಕೆಲಸ ಮಾಡುವವರೂ ಮಾಡಿಸುವವರೂ ತಿಳಿದಿರುವುದು ಅವಶ್ಯಕ.

ಕೌಂಟರಿನ ಕಾರ್ಯವಿಧಾನ

ಡಿಜಿಟಲ್ ಕೌಂಟರಿನಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ: ಚಲನೆಯನ್ನು ಗುರುತಿಸುವ ಸೆನ್ಸರ್, ಸೆನ್ಸರ್ ಕಳುಹಿಸುವ ವಿದ್ಯುತ್ ಮಿಡಿತಗಳನ್ನು ಕೂಡುವ ಎಲೆಕ್ಟ್ರಾನಿಕ್ ಮಂಡಲ ಮತ್ತು ಮೊತ್ತವನ್ನು ತೋರಿಸುವ ಫಲಕ. ಕೌಂಟರ್ ಬಟ್ಟೆಯನ್ನಾಗಲೀ ಚೀಲವನ್ನಾಗಲೀ ಎಣಿಸುವುದಿಲ್ಲ. ಅದು ಎಣಿಸುವುದು ಮಿಡಿತಗಳನ್ನು ಮಾತ್ರ. ಒಂದು ಮಿಡಿತಕ್ಕೆ ಎಷ್ಟು ಉತ್ಪಾದನೆ ಎಂಬುದನ್ನು ಕೌಂಟರ್ ಅಳವಡಿಸುವವರು ನಿಗದಿಪಡಿಸುತ್ತಾರೆ.

ವಿದ್ಯುತ್ ಮಗ್ಗದಲ್ಲಿ ಹೊಕ್ಕಿನ ಎಣಿಕೆ

ಹಾಸುನೂಲಿನ ನಡುವೆ ಲಾಳಿಯು ಒಮ್ಮೆ ಹಾಯ್ದಾಗ ಒಂದು ಹೊಕ್ಕು ಬೀಳುತ್ತದೆ. ಇದಕ್ಕೆ ಪಿಕ್ ಎಂದೂ ಹೆಸರು. ಸಾಮಾನ್ಯ ಲಾಳಿ ಮಗ್ಗದಲ್ಲಿ ಕ್ರ್ಯಾಂಕ್ ಶಾಫ್ಟ್ ಒಂದು ಸುತ್ತು ತಿರುಗಿದರೆ ಒಂದು ಹೊಕ್ಕು. ಕೆಳಗಿನ ಶಾಫ್ಟ್ ಒಂದು ಸುತ್ತು ತಿರುಗಿದರೆ ಎರಡು ಹೊಕ್ಕು. ಶಾಫ್ಟಿಗೆ ಅಯಸ್ಕಾಂತವನ್ನು ಜೋಡಿಸಿ, ಅದರ ಎದುರಿಗೆ ಸೆನ್ಸರ್ ಇರಿಸಿದರೆ ಪ್ರತಿ ಸುತ್ತಿಗೂ ಒಂದು ಮಿಡಿತ ದೊರೆಯುತ್ತದೆ. ಸೆನ್ಸರನ್ನು ಕೆಳಗಿನ ಶಾಫ್ಟಿಗೆ ಅಳವಡಿಸಿ, ಕೌಂಟರಿನ ಗುಣಕವನ್ನು 2 ಎಂದು ಹೊಂದಿಸದಿದ್ದಲ್ಲಿ ನೇಕಾರರ ಅರ್ಧ ದುಡಿಮೆಯು ಲೆಕ್ಕಕ್ಕೇ ಬರುವುದಿಲ್ಲ.

ಉದಾಹರಣೆಗೆ, ಸೆಂಟಿಮೀಟರಿಗೆ 20 ಹೊಕ್ಕುಗಳಿರುವ 5.5 ಮೀಟರ್ ಉದ್ದದ ಸೀರೆಗೆ 11,000 ಹೊಕ್ಕುಗಳು ಬೇಕು. ಮಗ್ಗವು ನಿಮಿಷಕ್ಕೆ 120 ಹೊಕ್ಕುಗಳ ವೇಗದಲ್ಲಿ ನಿಲ್ಲದೆ ನಡೆದರೆ 8 ಗಂಟೆಗಳ ಪಾಳಿಯಲ್ಲಿ 57,600 ಹೊಕ್ಕುಗಳಾಗಬೇಕು. ನೂಲು ಹರಿಯುವುದು, ಕಂಡಿಕೆ ಬದಲಿಸುವುದು ಮತ್ತು ವಿದ್ಯುತ್ ಕಡಿತಗಳಿಂದಾಗಿ ಕೌಂಟರ್ 43,200 ತೋರಿಸಿದರೆ ಮಗ್ಗದ ದಕ್ಷತೆ ಶೇಕಡಾ 75 ಆಗಿದ್ದು, ಸುಮಾರು ನಾಲ್ಕು ಸೀರೆಗಳ ನೇಯ್ಗೆ ಆಗಿರುತ್ತದೆ.

ಅಳತೆಪಟ್ಟಿ ತೋರಿಸದ ಶ್ರಮ

ಕೂಲಿಯನ್ನು ಸೀರೆಯ ಅಥವಾ ಮೀಟರಿನ ಲೆಕ್ಕದಲ್ಲಿ ಕೊಡುವಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಮಗ್ಗದ ಹಲ್ಲುಚಕ್ರ ಬದಲಿಸಿ ಸೆಂಟಿಮೀಟರಿಗೆ 20ರ ಬದಲು 22 ಹೊಕ್ಕುಗಳಾಗುವಂತೆ ಮಾಡಿದರೆ ಅದೇ ಉದ್ದದ ಸೀರೆಗೆ 12,100 ಹೊಕ್ಕುಗಳು ಬೇಕಾಗುತ್ತವೆ. ಸೀರೆಯ ಉದ್ದ ಅಷ್ಟೇ. ಶ್ರಮ ಮತ್ತು ಸಮಯ ಶೇಕಡಾ 10ರಷ್ಟು ಹೆಚ್ಚು. ಅಳತೆಪಟ್ಟಿಯು ಈ ವ್ಯತ್ಯಾಸವನ್ನು ತೋರಿಸುವುದಿಲ್ಲ. ಹೊಕ್ಕಿನ ಕೌಂಟರ್ ತೋರಿಸುತ್ತದೆ. ಆದುದರಿಂದ ಸರಿಯಾಗಿ ಅಳವಡಿಸಿದ ಕೌಂಟರ್ ಮಾಲೀಕರ ಕಣ್ಗಾವಲು ಮಾತ್ರವಲ್ಲ, ನೇಕಾರರ ಪರವಾದ ಸಾಕ್ಷಿಯೂ ಹೌದು.

ಎಣಿಕೆ ತಪ್ಪುವ ಸಂದರ್ಭಗಳು

1. ಹೊಕ್ಕುನೂಲು ತುಂಡಾದ ಕೂಡಲೇ ಮಗ್ಗವನ್ನು ನಿಲ್ಲಿಸುವ ವ್ಯವಸ್ಥೆ ಸವೆದಿದ್ದರೆ, ನೂಲಿಲ್ಲದೆಯೇ ಶಾಫ್ಟ್ ತಿರುಗಿ ಎಣಿಕೆ ಏರುತ್ತದೆ.

2. ದೋಷ ಸರಿಪಡಿಸಲು ಮಗ್ಗವನ್ನು ಕೈಯಿಂದ ಹಿಂದಕ್ಕೆ ತಿರುಗಿಸಿದಾಗ ಒಂದೇ ಸೆನ್ಸರ್ ಇರುವ ಕೌಂಟರ್ ಅದನ್ನೂ ಕೂಡುತ್ತದೆ. ದಿಕ್ಕನ್ನು ಗುರುತಿಸಲು ಎರಡು ಸೆನ್ಸರ್‌ಗಳು ಬೇಕು.

3. ಅಳಿಯದ ಸ್ಮೃತಿಯಿಲ್ಲದ ಕೌಂಟರ್ ವಿದ್ಯುತ್ ಕಡಿತವಾದಾಗ ಸೊನ್ನೆಗೆ ಮರಳುತ್ತದೆ.

4. ಆರು ಅಂಕಿಗಳ ಕೌಂಟರ್ 9,99,999ರ ನಂತರ ಪುನಃ ಸೊನ್ನೆಯಿಂದ ಆರಂಭವಾಗುತ್ತದೆ. ಮೇಲಿನ ಉದಾಹರಣೆಯ ಮಗ್ಗ ದಿನಕ್ಕೆ ಎರಡು ಪಾಳಿ ನಡೆದರೆ 12ನೆಯ ದಿನವೇ ಈ ಸ್ಥಿತಿ ಬರುತ್ತದೆ. ಅಂಕಿಯನ್ನು ಪ್ರತಿದಿನ ಬರೆದಿಡದಿದ್ದರೆ ಹತ್ತು ಲಕ್ಷ ಹೊಕ್ಕುಗಳ ಲೆಕ್ಕವೇ ತಪ್ಪಿಹೋಗಬಹುದು.

5. ಮಗ್ಗದಿಂದ ಇಳಿಸಿದ ಬಟ್ಟೆ ಬಿಗಿತ ಕಳೆದುಕೊಂಡು ತುಸು ಕುಗ್ಗುತ್ತದೆ. ಎಣಿಕೆಯಿಂದ ಲೆಕ್ಕ ಹಾಕಿದ ಉದ್ದಕ್ಕೂ ಮಡಿಸುವಾಗಿನ ಉದ್ದಕ್ಕೂ ಅಲ್ಪ ವ್ಯತ್ಯಾಸವಿರುವುದು ಸಹಜ. ಅದನ್ನು ನೇಕಾರರ ತಪ್ಪೆಂದು ಪರಿಗಣಿಸಲಾಗದು.

ಚೀಲಗಳ ಎಣಿಕೆ ಮತ್ತು ತೂಕ

ಸಕ್ಕರೆ ಮತ್ತು ಸಿಮೆಂಟ್ ಚೀಲಗಳು ಸಾಗುಪಟ್ಟಿಯ ಮೇಲೆ ಚಲಿಸುವಾಗ ಬೆಳಕಿನ ಕಿರಣವನ್ನು ತಡೆಯುವುದರಿಂದ ಎಣಿಕೆಯಾಗುತ್ತದೆ. ಎರಡು ಚೀಲಗಳು ಒಂದಕ್ಕೊಂದು ತಾಗಿಕೊಂಡು ಬಂದರೆ ಒಂದೆಂದೇ ದಾಖಲಾಗುತ್ತದೆ. ಅಲ್ಲದೆ ಎಣಿಕೆಯು ತೂಕಕ್ಕೆ ಪರ್ಯಾಯವಲ್ಲ. 1,000 ಚೀಲಗಳಲ್ಲಿ ಪ್ರತಿಯೊಂದೂ 200 ಗ್ರಾಂ ಕಡಿಮೆಯಿದ್ದರೆ ಎಣಿಕೆ ಸರಿಯಾಗಿದ್ದರೂ 200 ಕಿಲೋಗ್ರಾಂ ಕೊರತೆಯಾಗುತ್ತದೆ. ತೂಕವನ್ನು ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕು. ಕಬ್ಬು ತೂಗುವ ವೇ-ಬ್ರಿಡ್ಜ್‌ಗೂ ಇದೇ ಎಚ್ಚರಿಕೆ ಅಗತ್ಯ: ವಾಹನ ಏರುವ ಮುನ್ನ ಫಲಕದಲ್ಲಿ ಸೊನ್ನೆ ಇದೆಯೇ ಎಂಬುದನ್ನು ರೈತರು ನೋಡತಕ್ಕದ್ದು, ಚೀಟಿಯಲ್ಲಿ ಒಟ್ಟು ತೂಕ, ಖಾಲಿ ವಾಹನದ ತೂಕ ಮತ್ತು ನಿವ್ವಳ ತೂಕಗಳನ್ನು ಪರಿಶೀಲಿಸತಕ್ಕದ್ದು.

ಕಾನೂನಿನ ದೃಷ್ಟಿ

ಕಾನೂನು ಮಾಪನಶಾಸ್ತ್ರ ಅಧಿನಿಯಮ, 2009 ದಿನಾಂಕ 1-4-2011ರಿಂದ ಜಾರಿಗೆ ಬಂದಿದೆ. ತೂಕ ಮತ್ತು ಅಳತೆಗಳ ಜೊತೆಗೆ ಸಂಖ್ಯೆಯೂ ಈ ಅಧಿನಿಯಮದ ವ್ಯಾಪ್ತಿಯಲ್ಲಿದ್ದು, ಎಣಿಕೆಯು ದಶಮಾಂಶ ಪದ್ಧತಿಯಲ್ಲಿರಬೇಕೆಂದು ಅದು ವಿಧಿಸುತ್ತದೆ. ಅಧಿನಿಯಮದ ಪ್ರಕಾರ ವ್ಯವಹಾರವೆಂದರೆ ಕೊಡುಕೊಳ್ಳುವಿಕೆ ಮಾತ್ರವಲ್ಲ. ಮಾಡಿದ ಕೆಲಸದ ಹಾಗೂ ಸಲ್ಲಬೇಕಾದ ಕೂಲಿಯ ನಿರ್ಧಾರವೂ ವ್ಯವಹಾರವೇ ಆಗಿದೆ. ವ್ಯವಹಾರದಲ್ಲಿ ಬಳಸುವ ತೂಕದ ಯಂತ್ರಗಳನ್ನು ನಿಗದಿತ ಅವಧಿಗೆ ಪರಿಶೀಲನೆಗೆ ಒಳಪಡಿಸಿ ಮುದ್ರೆ ಹಾಕಿಸುವುದು ಕಡ್ಡಾಯವಾಗಿದೆ.

ಪಾಲಿಸಬೇಕಾದ ಕ್ರಮಗಳು

1. ಸೆನ್ಸರ್ ಯಾವ ಶಾಫ್ಟಿನಲ್ಲಿದೆ ಮತ್ತು ಗುಣಕ ಎಷ್ಟು ಎಂಬುದನ್ನು ಮಗ್ಗದ ಬಳಿ ಬರೆದು ಅಂಟಿಸುವುದು.

2. ತಿಂಗಳಿಗೊಮ್ಮೆ ಉಭಯತರ ಸಮಕ್ಷಮದಲ್ಲಿ ಮಗ್ಗವನ್ನು ಕೈಯಿಂದ ತಿರುಗಿಸಿ 10 ಹೊಕ್ಕುಗಳಿಗೆ 10 ಅಂಕಿಗಳು ಏರುತ್ತವೆಯೇ ಎಂದು ನೋಡುವುದು.

3. ಬಟ್ಟೆಯ ಒಂದು ಸೆಂಟಿಮೀಟರಿನಲ್ಲಿರುವ ಹೊಕ್ಕುಗಳನ್ನು ಮಸೂರದ ನೆರವಿನಿಂದ ಎಣಿಸಿ ತಾಳೆ ನೋಡುವುದು.

4. ಪಾಳಿಯ ಆರಂಭ ಮತ್ತು ಅಂತ್ಯದ ಅಂಕಿಗಳನ್ನು ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಮಾಡುವುದು.

5. ಸೊನ್ನೆಗೆ ಮರಳಿಸುವ ಗುಂಡಿಯನ್ನು ಒಬ್ಬರೇ ಒತ್ತದಿರುವುದು.

ತೂಕ ಮತ್ತು ಅಳತೆಗಳಲ್ಲಿ ಲೋಪ ಕಂಡುಬಂದಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಯ ಸ್ಥಳೀಯ ಕಛೇರಿಗೆ, ಕೂಲಿ ಪಾವತಿಯ ವಿವಾದಗಳಿದ್ದಲ್ಲಿ ಕಾರ್ಮಿಕ ಇಲಾಖೆಗೆ ಲಿಖಿತ ದೂರು ಸಲ್ಲಿಸಬಹುದಾಗಿದೆ. ದೂರಿನೊಂದಿಗೆ ಸಹಿಯುಳ್ಳ ಪಾಳಿ ಪುಸ್ತಕದ ಪ್ರತಿಯನ್ನು ಲಗತ್ತಿಸುವುದು ಉತ್ತಮ. ಫಲಕದ ಮೇಲಿನ ಅಂಕಿ ಗುಂಡಿ ಒತ್ತಿದೊಡನೆ ಅಳಿಸಿಹೋಗುತ್ತದೆ. ಪುಸ್ತಕದಲ್ಲಿ ಬರೆದಿಟ್ಟ ಅಂಕಿ ಉಳಿಯುತ್ತದೆ.