ಗುರಿಕಾರರ ಒಂಟಿ ಗಾಜು

ಹುಣಸೂರಿನಲ್ಲಿ ‘ಸೈಟ್’ ಎಂದರೆ ಮೂವತ್ತು–ನಲವತ್ತರ ನಿವೇಶನ. ಪಿಸ್ತೂಲು ಹಿಡಿಯುವವರಿಗೆ ಮಾತ್ರ ಅದು ನಳಿಗೆಯ ತುದಿಯಲ್ಲಿ ನಿಂತ ಹೆಸರುಕಾಳಿನಷ್ಟು ಕಪ್ಪು ಚೌಕ. ನಲವತ್ತು ದಾಟಿದವರಿಗೆ ಮೊದಲು ಕೈಕೊಡುವುದು ಈ ಸೈಟೇ.

ಗುರಿಯ ಹುಚ್ಚು ನಮ್ಮ ಕಡೆಗೆ ಹೊಸದಲ್ಲ. ಹುಣಸೂರು ದಾಟಿ ಗೋಣಿಕೊಪ್ಪದ ಹಾದಿ ಹಿಡಿದರೆ ಕೊಡಗು; ಅಲ್ಲಿ ಸೆಪ್ಟೆಂಬರಿನ ಕೈಲ್‌ಪೊಳ್ದಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳು ನಡೆಯುತ್ತವೆ. ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಕಾಡಂಚಿನಲ್ಲಿ ಬೆಳೆ ಕಾಯಲು ಪರವಾನಗಿ ಪಡೆದ ಕೋವಿಗಳಿವೆ. ಚುನಾವಣೆ ಬಂತೆಂದರೆ ಅವು ಠಾಣೆ ಸೇರುತ್ತವೆ, ಅದು ಬೇರೆ ಕಥೆ. ಈಗಿನ ಹುಡುಗರ ಕಣ್ಣು ಕೋವಿಗಿಂತ ಹತ್ತು ಮೀಟರ್ ಏರ್ ಪಿಸ್ತೂಲಿನ ಮೇಲಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದ ಸ್ಪರ್ಧೆಯಲ್ಲೇ ಬೆಳ್ಳಿ ಗೆದ್ದ ಕೊರಿಯಾದ ಕಿಮ್ ಯೆ-ಜಿಯ ವಿಚಿತ್ರ ಕನ್ನಡಕವನ್ನು ಮೊಬೈಲಿನಲ್ಲಿ ನೋಡದವರು ಕಡಿಮೆ. ‘ಅದೇನು ಯಂತ್ರ?’ ಎಂದು ಕೇಳಿದವರೇ ಹೆಚ್ಚು.

ಯಂತ್ರವೇನಿಲ್ಲ. ಒಂದು ತಂತಿ ಚೌಕಟ್ಟು, ಗುರಿ ಹಿಡಿಯುವ ಕಣ್ಣಿನ ಮುಂದೆ ಅತ್ತಿತ್ತ ಸರಿಸಿ ತಿರುಗಿಸಬಹುದಾದ ಒಂದು ಬಳೆ, ಬಳೆಯೊಳಗೆ ದುಂಡನೆಯ ಒಂದೇ ಗಾಜು. ಇನ್ನೊಂದು ಕಣ್ಣಿಗೆ ಅಡ್ಡವಾಗಿ ಒಂದು ಸಣ್ಣ ಮರೆ. ಅಂತರರಾಷ್ಟ್ರೀಯ ನಿಯಮದಂತೆ ಅದರ ಅಗಲ 30 ಮಿ.ಮೀ. ಮೀರಬಾರದು. ಸ್ವಿಟ್ಜರ್‌ಲ್ಯಾಂಡಿನ ಚಾಂಪಿಯನ್, ಜರ್ಮನಿಯ ಕ್ನೋಬ್ಲೋಖ್ ಕಂಪನಿಗಳ ಚೌಕಟ್ಟುಗಳು ಹೆಸರುವಾಸಿ. ಚೌಕಟ್ಟು ಎಲ್ಲಿಂದಲೋ ಬರಬಹುದು, ಗಾಜು ಮಾತ್ರ ನಿಮ್ಮ ಕಣ್ಣಿಗೇ ಆಗಬೇಕು. ಎಲ್ಲರೂ ಎಡವುವುದು ಇಲ್ಲೇ.

ನಾನೂ ಎಡವಿದೆ. ಚಾಳೀಸು ಬಂದ ಹೊಸತು. ಕನ್ನಡಕದಂಗಡಿಯವರಿಗೆ ‘ಹತ್ತಿರದ್ದು ಮಸುಕು’ ಎಂದೆ. ಅವರು ಪೇಪರ್ ಓದುವ ಪವರ್ ಕೂರಿಸಿಕೊಟ್ಟರು. ಪಿಸ್ತೂಲಿನ ಮೇಲೆ ಕೊರೆದ ಅಕ್ಷರಗಳೆಲ್ಲ ಚೆನ್ನಾಗಿ ಕಂಡವು. ಎದುರಿನ ಗುರಿಹಲಗೆ ಮಂಜಿನಲ್ಲಿ ಕರಗಿಹೋಯಿತು. ಅಂಗಡಿಯವರ ತಪ್ಪಲ್ಲ, ಕೇಳಿದ್ದನ್ನೇ ಕೊಟ್ಟಿದ್ದರು.

ಹೆಬ್ಬೆರಳನ್ನು ತೋಳಿನಳತೆಯಲ್ಲಿ ಎತ್ತಿ ಹಿಡಿದು, ಆಚೆಯ ಲೈಟುಕಂಬ ನೋಡಿ. ಬೆರಳು ನಿಚ್ಚಳವಾದರೆ ಕಂಬ ಮಸುಕು, ಕಂಬ ನಿಚ್ಚಳವಾದರೆ ಬೆರಳು ಮಸುಕು. ಗುರಿಕಾರನಿಗೆ ಇಂಥವು ಮೂರು: ಹಿಂದಿನ ಕಚ್ಚು, ಮುಂದಿನ ಸೈಟ್, ಆಚೆಯ ಗುರಿ. ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ಹಿಡಿಯುವ ಕಣ್ಣು ಯಾವ ತಾಯಿಯೂ ಹೆತ್ತಿಲ್ಲ. ಗುರಿಕಾರರು ಆರಿಸಿಕೊಳ್ಳುವುದು ಮುಂದಿನ ಸೈಟನ್ನು. ಅದು ಕೂದಲೆಳೆಯಷ್ಟು ಓರೆಯಾದರೂ ಹತ್ತು ಮೀಟರ್ ಆಚೆ ತಪ್ಪು ಹಲವು ಪಾಲು ಹಿಗ್ಗುತ್ತದೆ. ಏರ್ ಪಿಸ್ತೂಲಿನ ಹತ್ತಂಕದ ವೃತ್ತದ ಅಡ್ಡಳತೆ ಬರೀ 11.5 ಮಿ.ಮೀ. ಗುರಿಯೇ ತುಸು ಮಸುಕಾಗಿರಲಿ, 59.5 ಮಿ.ಮೀ. ಅಗಲದ ಕರಿಬೊಟ್ಟು ಮಸುಕಾದರೂ ಅದರ ನಡು ಎಲ್ಲಿದೆಯೆಂದು ಕಣ್ಣಿಗೆ ತಿಳಿಯುತ್ತದೆ.

ಲೆಕ್ಕ ಸುಲಭ. ಸೈಟ್ ಕಣ್ಣಿನಿಂದ ಸುಮಾರು ಒಂದು ಮೀಟರ್ ದೂರ. ಅಲ್ಲಿಗೇ ದೃಷ್ಟಿ ಕೂಡಿಸಲು ಒಂದು ಡಯಾಪ್ಟರ್ ಬೇಕು. ಅಷ್ಟೂ ಕೊಟ್ಟರೆ ಗುರಿ ತೀರಾ ಕರಗುತ್ತದೆ. ಆದ್ದರಿಂದ ದೂರದೃಷ್ಟಿಯ ಪವರಿಗೆ ಸಾಮಾನ್ಯವಾಗಿ +0.50, ವಯಸ್ಸಾದವರಿಗೆ +0.75 ಸೇರಿಸುತ್ತಾರೆ. ದೂರಕ್ಕೆ ಮೈನಸ್ 2 ಇದ್ದವರಿಗೆ ಮೈನಸ್ 1.50 ಆಗುತ್ತದೆ, ಅಷ್ಟೆ. ಬೈಫೋಕಲ್, ಪ್ರೋಗ್ರೆಸ್ಸಿವ್ ಬೇಡವೇ ಬೇಡ. ತಲೆ ಒಂದಿಷ್ಟು ಎತ್ತಿದರೆ ಪವರೇ ಬದಲಾಗುತ್ತದೆ.

ಮಾಮೂಲಿ ಕನ್ನಡಕಕ್ಕೇ ಆ ಪವರ್ ಹಾಕಿಸಬಾರದೇ? ಹಾಕಿಸಬಹುದು. ಪ್ಯಾರಿಸ್‌ನಲ್ಲಿ ಟರ್ಕಿಯ ಯೂಸುಫ್ ದಿಕೆಚ್ ದಿನಬಳಕೆಯ ಕನ್ನಡಕದಲ್ಲೇ ಒಂದು ಕೈ ಜೇಬಿನಲ್ಲಿಟ್ಟು ಮಿಶ್ರ ತಂಡದ ಬೆಳ್ಳಿ ಗೆದ್ದರು. ಆದರೆ ಓರೆಯಾಗಿ ನಿಂತು ಕತ್ತು ತಿರುಗಿಸಿದಾಗ, ರೈಫಲಿನ ಹಿಡಿಗೆ ಕೆನ್ನೆ ಒತ್ತಿದಾಗ, ನೋಟ ಗಾಜಿನ ನಡುವಿನಿಂದ ಹಾಯದೆ ಮೂಗಿನ ಕಡೆಯ ಮೂಲೆಯಿಂದ ಹಾಯುತ್ತದೆ. ಪವರ್ ಜಾಸ್ತಿ ಇದ್ದವರಿಗೆ ಅಲ್ಲಿ ಬಿಂಬ ಪಕ್ಕಕ್ಕೆ ಜರುಗುತ್ತದೆ. ಬಳೆಯ ಗಾಜನ್ನು ನೋಟಕ್ಕೆ ನೇರವಾಗಿ ನಿಲ್ಲಿಸಿಕೊಳ್ಳಬಹುದು ಎನ್ನುವುದೇ ಇದರ ಹೆಚ್ಚುಗಾರಿಕೆ.

ಮರೆಯ ಬಣ್ಣಕ್ಕೂ ಅರ್ಥವಿದೆ. ಒಂದು ಕಣ್ಣು ಬಿಗಿಯಾಗಿ ಮುಚ್ಚಿದರೆ ಮುಖವೆಲ್ಲ ಬಿಗಿಯುತ್ತದೆ. ಕಪ್ಪು ಪಟ್ಟಿ ಕಟ್ಟಿದರೆ ಕತ್ತಲಾದ ಕಣ್ಣಿನ ಪಾಪೆಯೊಂದಿಗೆ ಇನ್ನೊಂದರದೂ ಅರಳುತ್ತದೆ, ನೋಟದ ಹರಿತ ತಗ್ಗುತ್ತದೆ. ಬೆಳಕು ಬಿಡುವ ಬಿಳಿ ಮರೆಯೇ ಮೇಲು. ಗುರಿಕಾರರಿಗೆ ಕಣ್ಣು, ಮುಖ ಎಷ್ಟು ಮುಖ್ಯವೆಂದು ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರಿಗಿಂತ ಚೆನ್ನಾಗಿ ಯಾರು ಬಲ್ಲರು? 2013ರಲ್ಲಿ ಮುಖದ ಒಂದು ಪಾರ್ಶ್ವ ಸ್ವಾಧೀನ ತಪ್ಪಿತು. ಚೇತರಿಸಿಕೊಂಡು ಮರುವರ್ಷವೇ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದ ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು.

ಈ ಗಾಜು ಮಾಡಿಸಲು ಬೆಂಗಳೂರಿಗೇ ಓಡಬೇಕಿಲ್ಲ. ಕೆ.ಆರ್. ನಗರದಲ್ಲೋ ಹುಣಸೂರಿನಲ್ಲೋ ಕಣ್ಣು ಪರೀಕ್ಷಿಸಿ, ಗಾಜು ಅರೆಯುವ ಯಾವ ಅಂಗಡಿಗೂ ಆಗುವ ಕೆಲಸ. ನನ್ನದು ಎರಡನೇ ಸಲ ಸರಿಯಾದದ್ದು ಹೀಗೆ: ಒಂದು ಮೀಟರ್ ಉದ್ದದ ಬಿದಿರುಕಡ್ಡಿಯ ತುದಿಗೆ ಎಲೆಕ್ಟ್ರಿಕ್ ಟೇಪಿನ ಕರಿ ಚೌಕ ಅಂಟಿಸಿಕೊಂಡು ಹೋದೆ. ಅಂಗಡಿ ಉದ್ದ ಹತ್ತಡಿಯೂ ಇಲ್ಲ. ಜಗುಲಿಗೆ ಬಂದು, ಹತ್ತು ಮೀಟರ್ ಆಚೆಯ ಗೋಡೆಗೆ ಗುರಿಕಾಗದ ಅಂಟಿಸಿ, ಪರೀಕ್ಷೆಯ ಚೌಕಟ್ಟು ಮೂಗಿಗೇರಿಸಿದೆವು. ದೂರದ ಪವರಿನ ಮೇಲೆ ಕಾಲು ಕಾಲು ಏರಿಸುತ್ತ ಹೋದರು. ಚೌಕದ ಅಂಚು ಬ್ಲೇಡಿನಂತೆ ಹರಿತವಾಗಿಯೂ ಕರಿಬೊಟ್ಟು ದುಂಡಗಾಗಿಯೂ ಕಂಡ ಕಡೆ ನಿಲ್ಲಿಸಿದೆವು. ದಾರಿಹೋಕರು ನಿಂತು ನೋಡಿದರು, ಯಾರೋ ‘ಮಂತ್ರದಂಡವಾ?’ ಅಂದರು.

ಚೀಟಿಯ ಜೊತೆಗೆ ಬಳೆಯನ್ನೂ ಕೊಡಿ. ಸಾಮಾನ್ಯ ಅಳತೆ 37 ಮಿ.ಮೀ.; ಗಾಜಿನ ಕೇಂದ್ರ ಬಳೆಯ ಕೇಂದ್ರದಲ್ಲೇ ಕೂರಬೇಕು. ಸಿಲಿಂಡರ್ ಇದ್ದರೆ ಆಕ್ಸಿಸ್ ಎಲ್ಲಿ ಬರುತ್ತದೆಂದು ಅಂಚಿನಲ್ಲಿ ಗುರುತು ಹಾಕಿಸಿ, ಇಲ್ಲದಿದ್ದರೆ ಬಳೆ ತಿರುಗಿದಾಗ ಎಲ್ಲ ಕೆಡುತ್ತದೆ. ಪಾಲಿಕಾರ್ಬೊನೇಟ್ ಕೇಳಿ, ಸುಲಭಕ್ಕೆ ಒಡೆಯದು. ನಲವತ್ತರ ಮೇಲಿನವರು ವರ್ಷಕ್ಕೊಮ್ಮೆ ಪವರ್ ನೋಡಿಸಿ. ಅಂಗಡಿಗೆ ಪಿಸ್ತೂಲು ಮಾತ್ರ ಒಯ್ಯಬೇಡಿ, ಬಿದಿರುಕಡ್ಡಿ ಸಾಕು.