ನಿಮಗಿದು ಗೊತ್ತೆ? ಹಾಯಿಗೆ ಎಂಜಿನ್ ಜೋಡಿ

ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ, ಮಂಜಿ ಎಂಬ ಮರದ ಹಡಗುಗಳು ಹಿಂದೆ ಗಾಳಿಯನ್ನೇ ನಂಬಿದ್ದವು. ಡೀಸೆಲ್ ಎಂಜಿನ್ ಬಂದದ್ದು ಆಮೇಲೆ. ಹಾಯಿ, ಎಂಜಿನ್ ಎರಡೂ ಇದ್ದರೆ ಅದು ಮೋಟಾರ್‌ಸೇಲರ್.

ಹಡಗಿನವರು ಬೇಡವೆಂದ ಲೈಫ್‌ಬೋಟನ್ನು ಹಿತ್ತಲಿಗೆ ತಂದು ಹಾಯಿದೋಣಿಯಾಗಿ ಮಾರ್ಪಡಿಸುವ ಹುಚ್ಚು ಇಂಗ್ಲೆಂಡಿನಲ್ಲಿ ಹಳೆಯದು. ಲೇಖಕ ಇ.ಎಫ್. ನೈಟ್ 1887ರಲ್ಲಿ ಪಿ ಅಂಡ್ ಓ ಹಡಗು ಕಂಪನಿಯ ಹಳೇ ಲೈಫ್‌ಬೋಟಿಗೆ ಹಾಯಿ ಕಟ್ಟಿ ಲಂಡನ್ನಿನಿಂದ ಕೋಪನ್‌ಹೇಗನ್ ಮುಟ್ಟಿದ, ಅದೂ ಎಂಜಿನ್ನೇ ಇಲ್ಲದೆ!

ಪೇಚಿರುವುದು ತಳದಲ್ಲಿ. ಜನರನ್ನು ತೇಲಿಸಿದರೆ ಸಾಕೆಂದು ಕಟ್ಟಿದ ಲೈಫ್‌ಬೋಟಿಗೆ ಆಳದ ಕೀಲ್, ಅಂದರೆ ತಳದಿಂದ ನೀರಿನೊಳಕ್ಕೆ ಇಳಿಯುವ ಏಣು, ಇರುವುದಿಲ್ಲ. ಅಡ್ಡಗಾಳಿಗೆ ಹಾಯಿ ಬಿಚ್ಚಿದರೆ ಪಕ್ಕಕ್ಕೇ ಜಾರುತ್ತದೆ. ಹಾಗಾಗಿ ಮೊದಲು ತಳಕ್ಕೆ ಕೀಲ್, ಎದುರುಗಾಳಿಗೆ ಎಂಜಿನ್. ಬಣ್ಣ, ಮಲಗುವ ಕೋಣೆ ಎಲ್ಲ ಆಮೇಲೆ.